ಗಾಳಿಗಿರಣಿ ಕಟ್ಟಿಸಿದ ಗಂಡ ಹೆಂಡತಿ

ಪುಟ್ಟಿ, ಜೆರುಸಲೇಮಿನಿಂದ ನೀನು ಗ್ರೂಪಿಗೆ ಹಾಕಿದ ಗಾಳಿಗಿರಣಿ ಫೋಟೋ ನೋಡಿದೆ. "ಲಂಡನ್ನಿನ ಯಾರೋ ಮೊಂಟೆಫಿಯೋರ್ ಅನ್ನೋ ಸಾಹುಕಾರ ಕಟ್ಟಿಸಿದ್ದಂತೆ, ಗೊತ್ತಾ ಅತ್ತೆ?" ಅಂತ ಕೇಳಿದ್ದೀಯ. ಗೊತ್ತು ಕಣೇ, ನನಗೆ ತುಂಬ ಇಷ್ಟದ ಜನ ಅವರು. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದು. ಮೋಸೆಸ್ ಮೊಂಟೆಫಿಯೋರ್ ಅಂತ ಅವರ ಹೆಸರು. ಹೆಂಡತಿ ಜುಡಿತ್. ಆಕೆಯನ್ನು ಬಿಟ್ಟು ಇವರ ಕಥೆ ಹೇಳೋದು ನನಗೆ ಸರಿ ಅನಿಸೋದಿಲ್ಲ.

1812ರಲ್ಲಿ ಮದುವೆ. ಇಬ್ಬರೂ ಯಹೂದಿಗಳೇ, ಆದರೆ ಅವರು ಸೆಫಾರ್ದಿ, ಅಂದರೆ ಸ್ಪೇನ್-ಪೋರ್ಚುಗಲ್ ಮೂಲದ ಪಂಗಡ; ಈಕೆ ಅಶ್ಕೆನಾಜಿ, ಅಂದರೆ ಜರ್ಮನಿ-ಪೂರ್ವ ಯುರೋಪ್ ಮೂಲದ ಪಂಗಡ. ನಮ್ಮಲ್ಲಿ ಒಳಪಂಗಡ ನೋಡುತ್ತಿದ್ದರಲ್ಲ, ಹಾಗೆ ಆಗಿನ ಲಂಡನ್ನಿನ ಸೆಫಾರ್ದಿಗಳು ಇಂಥ ಸಂಬಂಧಕ್ಕೆ ಮುಖ ಸಿಂಡರಿಸುತ್ತಿದ್ದರು. ಷೇರು ವ್ಯವಹಾರದಲ್ಲಿ ಮೋಸೆಸ್ ಚೆನ್ನಾಗಿ ದುಡಿದರು. ನಲವತ್ತರ ಹೊತ್ತಿಗೆ ವ್ಯಾಪಾರ ಹೆಚ್ಚುಕಡಿಮೆ ಬಿಟ್ಟೇಬಿಟ್ಟರು. ಮಕ್ಕಳಿರಲಿಲ್ಲ. ಆಮೇಲಿನ ಬದುಕೆಲ್ಲ ಸಮುದಾಯದ ಕೆಲಸಕ್ಕೇ ಹೋಯಿತು. ಇಂಗ್ಲೆಂಡಿನ ರಾಮ್ಸ್‌ಗೇಟ್‌ನಲ್ಲಿ, ತಮ್ಮ ಮನೆಯ ಹತ್ತಿರ, 1833ರಲ್ಲಿ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ಮಾಡಿಸಿದರು.

ಜೆರುಸಲೇಮಿಗೆ ಮೊದಲು ಹೋಗಿದ್ದು 1827ರಲ್ಲಿ, ಇಬ್ಬರೂ ಜೊತೆಗೇ. 1839ರಲ್ಲಿ ಮತ್ತೆ ಹೋದಾಗ ಆ ಕಡೆ ಪ್ಲೇಗ್ ಇತ್ತು. ಅದೇ ಸೀಮೆಯ ಸಫೇದ್ ಊರು ಎರಡು ವರ್ಷದ ಹಿಂದಿನ ಭೂಕಂಪದಲ್ಲಿ ನೆಲಸಮ ಆಗಿತ್ತು. ಅಲ್ಲಿಗೂ ಹೋಗಿ ಕೈಯಾರೆ ಹಣ ಹಂಚಿದರು. ಆ ಸಲವೇ ಅಲ್ಲಿನ ಯಹೂದಿಗಳ ಜನಗಣತಿಯನ್ನೂ ಶುರು ಮಾಡಿಸಿದರು. ಹೆಸರು, ವಯಸ್ಸು, ಎಲ್ಲಿಂದ ಬಂದವರು, ಏನು ಕಸುಬು, ಎಲ್ಲ ಬರೆಸಿದರು. ವಿಧವೆಯರದು ಬೇರೆ ಪಟ್ಟಿ, ಅನಾಥ ಮಕ್ಕಳದು ಬೇರೆ. ದುಡ್ಡು ಕಳಿಸಿ ಸುಮ್ನೆ ಮನೆಯಲ್ಲಿ ಕೂರಬಹುದಿತ್ತು, ಅಲ್ವಾ? ಕೊಡೋ ಮೊದಲು ಹೆಸರು ಕೇಳಿದರು ನೋಡು, ನನಗೆ ಅದು ಕೊಟ್ಟ ಹಣಕ್ಕಿಂತ ದೊಡ್ಡದು ಅನಿಸುತ್ತದೆ. ಜುಡಿತ್ ಪ್ರಯಾಣದ ದಿನಚರಿ ಬರೆದಿಟ್ಟರು. ಅದು ಅಚ್ಚೂ ಆಯಿತು.

1840ರಲ್ಲಿ ಸಿರಿಯಾದ ಡಮಾಸ್ಕಸ್‌ನಲ್ಲಿ ಒಬ್ಬ ಪಾದ್ರಿ ಕಾಣೆಯಾದ. ಯಹೂದಿಗಳೇ ಕೊಂದರು ಅಂತ ಸುಳ್ಳು ಆರೋಪ ಹೊರಿಸಿ, ಜೈಲಿಗೆ ಹಾಕಿ ಹಿಂಸೆ ಕೊಟ್ಟರು. ಕೆಲವರು ಸತ್ತೇ ಹೋದರು. ಗಂಡ ಹೆಂಡತಿ ಅಲೆಕ್ಸಾಂಡ್ರಿಯಾಕ್ಕೆ ಹೊರಟರು. ಡಮಾಸ್ಕಸ್ ಆಗ ಈಜಿಪ್ಟಿನ ದೊರೆ ಮುಹಮ್ಮದ್ ಅಲಿಯ ಕೈಯಲ್ಲಿತ್ತು. ಅವನನ್ನು ಮೋಸೆಸ್ ಕಂಡು ಕೇಳಿಕೊಂಡರು. ಫ್ರಾನ್ಸಿನ ವಕೀಲ ಕ್ರೆಮ್ಯೂ ಕೂಡ ಜೊತೆಗಿದ್ದರು. ಬದುಕಿ ಉಳಿದವರ ಬಿಡುಗಡೆ ಆಯಿತು.

ಈಗ ನಿನ್ನ ಗಿರಣಿಗೆ ಬರುತ್ತೇನೆ. 1857ರದ್ದು ಅದು. ದಾನ ನಂಬಿಕೊಂಡೇ ಬದುಕುತ್ತಿದ್ದ ಜನಕ್ಕೆ ದುಡಿಮೆ ಬೇಕು, ಅಗ್ಗದಲ್ಲಿ ಹಿಟ್ಟು ಸಿಗಬೇಕು ಅನ್ನೋ ಆಸೆ. ಯಂತ್ರದ ಭಾಗಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಗಿರಣಿ ಜಾಸ್ತಿ ವರ್ಷ ನಡೆಯಲಿಲ್ಲ. ಉಗಿಯ ಗಿರಣಿ ಬಂತು, ಇದು ನಿಂತಿತು. ಆದರೆ ಅದರ ಪಕ್ಕದ ಮಿಶ್ಕೆನೋತ್ ಶಅನಾನಿಮ್ ಮನೆಸಾಲು ಉಳಿಯಿತು. 1860ರಲ್ಲಿ ಕಟ್ಟಿಸಿದ್ದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಯಹೂದಿ ವ್ಯಾಪಾರಿ ಜುಡಾ ಟೂರೊ ತೀರಿಕೊಳ್ಳುವಾಗ ಬರೆದಿಟ್ಟ ಹಣ ಅದಕ್ಕೆ ಬಂತು. ಜೆರುಸಲೇಮಿನ ಕೋಟೆಗೋಡೆಯ ಹೊರಗೆ ಯಹೂದಿಗಳ ಮೊದಲ ಬಡಾವಣೆ ಅದು. ಶುರುವಿನಲ್ಲಿ ಜನ ಭಯಪಟ್ಟು ರಾತ್ರಿ ಕೋಟೆಯೊಳಗೇ ಹೋಗಿ ಮಲಗುತ್ತಿದ್ದರಂತೆ.

ಜುಡಿತ್ 1862ರಲ್ಲಿ ತೀರಿಕೊಂಡರು. ಬೈಬಲ್ಲಿನಲ್ಲಿ ಬರುವ ರಾಹೇಲಳದ್ದು ಅಂತ ನಂಬುವ ಬೆತ್ಲೆಹೇಮಿನ ಸಮಾಧಿಯನ್ನು ಈ ದಂಪತಿ ದುರಸ್ತಿ ಮಾಡಿಸಿದ್ದರು. ಅದೇ ಆಕಾರದಲ್ಲಿ ರಾಮ್ಸ್‌ಗೇಟ್‌ನಲ್ಲಿ ಆಕೆಗೆ ಸಮಾಧಿ ಕಟ್ಟಿಸಿದರು ಮೋಸೆಸ್. ಹತ್ತಿರದಲ್ಲೇ ಆಕೆಯ ಹೆಸರಲ್ಲಿ ಧರ್ಮಗ್ರಂಥ ಓದುವವರಿಗೆ ಒಂದು ಕಾಲೇಜು. ಆಮೇಲೂ ಜೆರುಸಲೇಮಿಗೆ, ಆಕೆ ಇಲ್ಲದೆ, ಎರಡು ಸಲ ಹೋದರು. ಕೊನೆಯದು 1875ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ. ಆಗಲೂ ಜನಗಣತಿ ಬರೆಸಿದರು.