8 ವರ್ಷದ ಮಗನಿಗೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಮಾಡಿಸುತ್ತಿದ್ದೇವೆ, ಹಾಳೆ ತುಂಬ ಬರೀ ‘ಗೊತ್ತಿಲ್ಲ’. ನಿಲ್ಲಿಸಿಬಿಡಲಾ?

ಇಬ್ಬನಿ:

ನನ್ನ ಮಗನಿಗೆ 8 ವರ್ಷ. ನಾನು ಹೊರಗೆ ಹೋದರೆ ನನಗೆ ಏನೋ ಆಗಿಬಿಡುತ್ತೆ, ವಾಪಸ್ ಬರುವುದೇ ಇಲ್ಲ ಅನ್ನುವ ಭಯ ಅವನಿಗೆ. ಐದು ನಿಮಿಷ ತಡವಾದರೂ ಹೊಟ್ಟೆನೋವು ಶುರು. ರಾತ್ರಿ ನನ್ನ ಮುಂಗೈ ಹಿಡಿದುಕೊಂಡೇ ಮಲಗುತ್ತಾನೆ. ಆರು ತಿಂಗಳಿಂದ ಹೀಗೇ. ಒಬ್ಬ ಕೌನ್ಸೆಲರ್ ಹತ್ತಿರ ನಾಲ್ಕು ಸೆಷನ್ ಆಯಿತು.

ಅವರು ಒಂದು ಹಾಳೆ ಕೊಟ್ಟಿದ್ದಾರೆ. ಏನಾಯಿತು, ಯಾವ ಯೋಚನೆ ಬಂತು, ಏನು ಅನ್ನಿಸಿತು, ಬೇರೆ ಥರ ಹೇಗೆ ಯೋಚಿಸಬಹುದಿತ್ತು ಅಂತ ನಾಲ್ಕು ಕಾಲಂ. ದಿನಾ ತುಂಬಿಸಬೇಕು. ನಿನ್ನೆ ತೆಗೆದು ನೋಡಿದೆ. ಎರಡನೇ ಕಾಲಂನಲ್ಲಿ ಏಳು ದಿನವೂ ‘ಗೊತ್ತಿಲ್ಲ’. ಏಳನೆಯದನ್ನು ಎಷ್ಟು ಒತ್ತಿ ಬರೆದಿದ್ದಾನೆ ಅಂದರೆ ಪೆನ್ಸಿಲ್ ಮೊನೆಗೆ ಹಾಳೆ ತೂತಾಗಿದೆ. ಕೊನೇ ಕಾಲಂ ಪೂರ್ತಿ ಖಾಲಿ.

ಇಷ್ಟು ಚಿಕ್ಕ ಮಕ್ಕಳಿಗೆ ಇದು ಆಗುವುದೇ ಇಲ್ವಾ? ಮಾತ್ರೆ ಬೇಕಾಗುತ್ತಾ?

ಬಣ್ಣದ ಪೆಟ್ಟಿಗೆ:

ಹದಿನಾಲ್ಕು ವರ್ಷದಿಂದ ಮಕ್ಕಳ ಜೊತೆ ಇದೇ ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಮಗ ಸುಳ್ಳು ಬರೆದಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿಲ್ಲ.

ಸಿಬಿಟಿ ಹುಟ್ಟಿದ್ದು ದೊಡ್ಡವರಿಗಾಗಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆ ಇದ್ದ ವಯಸ್ಕರ ಜೊತೆ ಕೆಲಸ ಮಾಡುತ್ತಾ ಇದನ್ನು ಕಟ್ಟಿದರು. ತನ್ನ ಯೋಚನೆಯನ್ನು ತಾನೇ ಹೊರಗೆ ನಿಂತು ನೋಡುವುದು, ಅದಕ್ಕೆ ಸಾಕ್ಷಿ ಹುಡುಕುವುದು, ಇದೆಲ್ಲ ಎಂಟು ವರ್ಷಕ್ಕೆ ಇನ್ನೂ ಕುದುರಿರುವುದಿಲ್ಲ. ಕೈಗೆ ಸಿಗುವ ರೂಪದಲ್ಲಿ ಕೊಟ್ಟರೆ ಮಾತ್ರ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ.

ನಾನು ಏನು ಮಾಡುತ್ತೇನೆ ಹೇಳುತ್ತೇನೆ. ಒಂದು ಬೆಕ್ಕಿನ ಚಿತ್ರ ಬರೆಯುತ್ತೇನೆ. ಕಿಟಕಿ ಹತ್ತಿರ ಕೂತಿದೆ, ಅಮ್ಮ ಹೊರಗೆ ಹೋಗಿದ್ದಾಳೆ. ತಲೆ ಮೇಲೆ ಒಂದು ಖಾಲಿ ಗುಳ್ಳೆ, ಕಾಮಿಕ್ಸ್‌ನಲ್ಲಿ ಇರುತ್ತಲ್ಲ ಹಾಗೆ. ‘ಬೆಕ್ಕು ಏನು ಅಂದುಕೊಳ್ತಿದೆ?’ ಅಂತ ಕೇಳುತ್ತೇನೆ. ‘ನಿನಗೆ ಯಾವ ಯೋಚನೆ ಬಂತು’ ಅಂದಾಗ ಬಾಯಿ ಬಿಡದ ಮಗು ಬೆಕ್ಕಿನ ಗುಳ್ಳೆಯಲ್ಲಿ ಮೂರು ಸಾಲು ಬರೆಯುತ್ತೆ. ಇದು ನಾನು ಕಂಡುಹಿಡಿದದ್ದಲ್ಲ. ಮನಶ್ಶಾಸ್ತ್ರಜ್ಞ ಫಿಲಿಪ್ ಕೆಂಡಾಲ್ ಆತಂಕದ ಮಕ್ಕಳಿಗಾಗಿ ರೂಪಿಸಿದ ‘ಕೋಪಿಂಗ್ ಕ್ಯಾಟ್’ ಅನ್ನುವ ಸಿಬಿಟಿ ಕಾರ್ಯಕ್ರಮ 16 ಸೆಷನ್‌ಗಳದ್ದು, ಅದರಲ್ಲಿ ಇಂಥ ಗುಳ್ಳೆಗಳೇ ತುಂಬಿವೆ. ಮೊದಲರ್ಧ ಕಲಿಯುವುದು, ಇನ್ನರ್ಧ ಭಯವನ್ನು ನಿಜವಾಗಿ ಎದುರಿಸಿ ಅಭ್ಯಾಸ ಮಾಡುವುದು.

ಆ ಇನ್ನರ್ಧವೇ ಮುಖ್ಯ. ಹಾಳೆ ತುಂಬಿಸಿದರೆ ಭಯ ಹೋಗುವುದಿಲ್ಲ. ಇಬ್ಬರೂ ಕೂತು ಒಂದು ಏಣಿ ಬರೆಯಿರಿ. ಕೆಳಗಿನ ಮೆಟ್ಟಿಲು: ನೀವು ಬಾಗಿಲಾಚೆ ಎರಡು ನಿಮಿಷ ನಿಲ್ಲುವುದು. ಮೇಲಿನದು: ಅವನೊಬ್ಬನೇ ಮಲಗುವುದು. ನಡುವಿನ ಮೆಟ್ಟಿಲುಗಳನ್ನು ಅವನೇ ಹೇಳಲಿ. ಪಕ್ಕದಲ್ಲಿ ಒಂದು ಥರ್ಮಾಮೀಟರ್ ಬರೆದು, ಭಯ 10ಕ್ಕೆ ಎಷ್ಟು ಅಂತ ಬಣ್ಣ ತುಂಬಲಿ. ಯಾವ ಮೆಟ್ಟಿಲೇ ಆಗಲಿ, ಹತ್ತುವ ಮುಂಚೆ ‘ಏನಾಗುತ್ತೆ ಅನ್ಸುತ್ತೆ?’ ಅಂತ ಕೇಳಿ. ಆಮೇಲೆ ‘ಏನಾಯ್ತು?’ ಅಂತ ಕೇಳಿ. ಆ ಕೊನೇ ಕಾಲಂ ತುಂಬುವುದು ಹೀಗೆ. ವಾದ ಮಾಡಿ ಅಲ್ಲ.

ಭಯಕ್ಕೊಂದು ಹೆಸರಿಡುವುದೂ ಸಹಾಯ ಮಾಡುತ್ತೆ. ಒಂದು ಮಗು ಅದನ್ನು ‘ಗುಂಯ್‌ಗುಡುಕ’ ಅಂತ ಕರೆಯುತ್ತಿತ್ತು. ‘ಇದು ನಾನಲ್ಲ, ಗುಂಯ್‌ಗುಡುಕ ಮಾತಾಡ್ತಿದೆ’ ಅಂತ ಅದು ಹೇಳಿದ ದಿನ ಅದರ ಭುಜ ಕೆಳಗಿಳಿದಿದ್ದನ್ನು ನಾನು ಕಣ್ಣಾರೆ ನೋಡಿದೆ.

ಈಗ ಸ್ವಲ್ಪ ಕಷ್ಟದ ಮಾತು. ಆ ಮುಂಗೈ. ದಾರಿಯಿಂದ ಮತ್ತೆ ಮತ್ತೆ ಫೋನ್ ಮಾಡಿ ‘ಬರ್ತಿದೀನಿ ಕಂದ’ ಅನ್ನುವುದು, ಹೊರಗೆ ಹೋಗುವುದನ್ನೇ ಬಿಡುವುದು, ಇವೆಲ್ಲ ಪ್ರೀತಿಯಿಂದಲೇ ಮಾಡುತ್ತೀರಿ. ಆದರೆ ಅಮ್ಮ ಜೊತೆಗಿದ್ದದ್ದರಿಂದಲೇ ಏನೂ ಆಗಲಿಲ್ಲ ಅಂತ ಭಯ ಕಲಿಯುತ್ತೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಅವರ ತಂಡ ಮಗುವನ್ನು ಕೂರಿಸಿಕೊಳ್ಳದೆ, ಇಂಥ ಆಸರೆಯನ್ನು ಕಡಿಮೆ ಮಾಡುವುದನ್ನು ಬರೀ ತಂದೆತಾಯಿಗೆ ಕಲಿಸಿತು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅದು ಮಕ್ಕಳ ಸಿಬಿಟಿಗಿಂತ ಕಡಿಮೆಯೇನೂ ಬರಲಿಲ್ಲ. ಕೈಯನ್ನು ಒಂದೇ ಸಲ ಕಿತ್ತುಕೊಳ್ಳಬೇಡಿ. ‘ನಿನಗೆ ಕಷ್ಟ ಅಂತ ಗೊತ್ತು, ನೀನು ತಡ್ಕೋತೀಯ ಅಂತಲೂ ಗೊತ್ತು’ ಅಂತ ಹೇಳಿ, ಒಂದೊಂದೇ ಬೆರಳು ಬಿಡಿಸಿಕೊಳ್ಳಿ.

ಮಾತ್ರೆ ಬಗ್ಗೆ: 2008ರ ದೊಡ್ಡ ಅಧ್ಯಯನವೊಂದರಲ್ಲಿ ಆತಂಕದ ತೊಂದರೆ ಇದ್ದ 7ರಿಂದ 17 ವರ್ಷದ 488 ಮಕ್ಕಳಿದ್ದರು. ಸಿಬಿಟಿ ಒಂದರಿಂದಲೇ ಸುಮಾರು 60% ಮಕ್ಕಳು ಸುಧಾರಿಸಿದರು. ಆತಂಕಕ್ಕೆ ಕೊಡುವ ಸರ್ಟ್ರಲಿನ್ ಮಾತ್ರೆಯಿಂದ 55%, ಎರಡೂ ಸೇರಿದರೆ 81%. ಔಷಧವೇ ಇಲ್ಲದ ಹುಸಿ ಮಾತ್ರೆಗೆ 24%. ಅಂದರೆ ಮಾತ್ರೆ ಕೆಟ್ಟದ್ದಲ್ಲ. ಆದರೆ ಮೊದಲು ಸರಿಯಾದ ಸಿಬಿಟಿ ಸಿಗಲಿ. ಹೊಟ್ಟೆನೋವನ್ನು ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ. ‘ಗೊತ್ತಿಲ್ಲ’ ಹಾಳೆಯನ್ನು ಕೌನ್ಸೆಲರ್‌ಗೂ ತೋರಿಸಿ, ಚಿತ್ರ ಬರೆದು ಮಾಡೋಣವಾ ಅಂತ ಕೇಳಿ. ಬೇಸರ ಮಾಡಿಕೊಳ್ಳುವವರಲ್ಲ ಅನ್ನಿಸುತ್ತೆ.

ತಂದೆಯೊಬ್ಬ:

ನಮ್ಮದು ಇದರ ಉಲ್ಟಾ. ಮಗಳಿಗೆ 15. ಮೊದಲು ಹೋದ ಕಡೆ ಬೆಕ್ಕು, ಗುಳ್ಳೆ ಕೊಟ್ಟರು. ‘ನಾನೇನು ಪಾಪುನಾ?’ ಅಂತ ಎದ್ದು ಬಂದಳು. ಎರಡನೆಯವರು ನನ್ನನ್ನು ಹೊರಗೆ ಕೂರಿಸಿ ಅವಳನ್ನೇ ಕೇಳಿದರು, ನಿನಗೆ ಏನು ಬದಲಾಗಬೇಕು ಅಂತ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ನನಗೆ ಹೇಳುವುದು, ಉಳಿದದ್ದು ಅವರಿಬ್ಬರ ನಡುವೆ ಅಂತ ಮೊದಲ ದಿನವೇ ಮಾತಾಯಿತು. ಆಮೇಲೆ ಒಂದು ಪ್ರಯೋಗ. ಕ್ಲಾಸಿನಲ್ಲಿ ಬೇಕಂತಲೇ ಒಂದು ಪ್ರಶ್ನೆ ಕೇಳಬೇಕು, ಎಷ್ಟು ಜನ ತಿರುಗಿ ನೋಡಿದರು ಅಂತ ಎಣಿಸಬೇಕು. ಎಲ್ಲರೂ ನೋಡಿ ನಗುತ್ತಾರೆ ಅಂದುಕೊಂಡು ಹೋದಳು. ಫೋನಿನಲ್ಲಿ ಬರೆದುಕೊಂಡು ಬಂದಿದ್ದು ‘3’. ನಕ್ಕವರು ಯಾರೂ ಇಲ್ಲ.

ಇಬ್ಬನಿ:

ಮೇಡಂ, ತುಂಬಾ ಧನ್ಯವಾದ. ಕೌನ್ಸೆಲರ್ ಹಾಳೆ ನೋಡಿ ತಾವೇ ಪೆನ್ಸಿಲ್ ತೆಗೆದುಕೊಂಡು ಗುಳ್ಳೆ ಬರೆದರು. ಬೆಕ್ಕು ಬೇಡ, ಡೈನೋಸಾರ್ ಬೇಕು ಅಂದ. ಡೈನೋಸಾರ್ ಗುಳ್ಳೆಯಲ್ಲಿ ಅವನು ಬರೆದಿದ್ದು: ‘ಅಮ್ಮ ಸತ್ತೋದ್ರೆ ನನ್ನ ಯಾರು ನೋಡ್ಕೋತಾರೆ’. ಆರು ತಿಂಗಳಲ್ಲಿ ಒಮ್ಮೆಯೂ ನನ್ನ ಹತ್ತಿರ ಹೇಳಿರಲಿಲ್ಲ.

ಇವತ್ತು ಮೊದಲ ಮೆಟ್ಟಿಲು. ಥರ್ಮಾಮೀಟರ್‌ಗೆ 8ರವರೆಗೆ ಕೆಂಪು ಬಳಿದ. ನಾನು ಬಾಗಿಲಾಚೆ ನಿಂತೆ. ಒಂದೂವರೆ ನಿಮಿಷಕ್ಕೇ ತೆಗೆದುಬಿಟ್ಟ. ನಾಳೆ ಮತ್ತೆ ಮಾಡುತ್ತೇವೆ.