ಬೆಂಗಳೂರು ಎಫ್‌ಸಿಗೆ (ಬಿಎಫ್‌ಸಿ) ಮುಂದಿನ ಸೀಸನಿಗೆ ಯಾರ್ಯಾರು ಬೇಕು? ನನ್ನ ಪಟ್ಟಿ ಇಲ್ಲುಂಟು, ನಿಮ್ಮದೂ ಹೇಳಿ

ಕುಂಬಳೆ_ನೀಲಿ:

2025ರ ಏಪ್ರಿಲ್ 12ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್) ಫೈನಲ್ ಮುಗಿದು ತಿಂಗಳಾಗ್ತಾ ಬಂತು, ಸೂಪರ್ ಕಪ್ಪಲ್ಲಿ ಇಂಟರ್ ಕಾಶಿ ಎದುರು ಪೆನಾಲ್ಟಿಯಲ್ಲಿ ಸೋತು ಅದೂ ಆಯ್ತು, ಇನ್ನು ಆಟ ಇಲ್ಲ, ಟೀಮ್ ಹೇಗೆ ಕಟ್ಟಬೇಕು ಅಂತ ಮಾತಾಡ್ಲಿಕ್ಕೆ ಇದೇ ಸಮಯ. ನಮ್ಮ ಕಾಸರಗೋಡು ಕಡೆ ಎಲ್ಲಿ ನೋಡಿದ್ರೂ ಹಳದಿ ಜೆರ್ಸಿ, ಬಸ್ಸಲ್ಲಿ ಹೋಟ್ಲಲ್ಲಿ ಎಲ್ಲಾ ಕೇರಳ ಬ್ಲಾಸ್ಟರ್ಸ್ ಮಾತೇ, ಬಿಎಫ್‌ಸಿ ಬಗ್ಗೆ ಕನ್ನಡದಲ್ಲಿ ಮಾತಾಡುವವ್ರು ಸಿಗೂದು ಇಲ್ಲಿ ಮಾತ್ರ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಓದಿ.

ಟೀಮ್ ಕೆಟ್ಟದುಂಟು ಅಂತ ನಾನು ಹೇಳೂದಲ್ಲ. 2023-24ರಲ್ಲಿ 10ನೇ ಜಾಗಕ್ಕೆ ಬಿದ್ದ ಟೀಮು ಈ ಸಲ 38 ಪಾಯಿಂಟಲ್ಲಿ ಮೂರನೇದು, ಮುಂಬೈಗೆ ನಮ್ಮ ಕಂಠೀರವ ಸ್ಟೇಡಿಯಮಲ್ಲಿ 5-0, ಸೆಮಿಯಲ್ಲಿ ಗೋವಾವನ್ನು ಮನೆಗೆ ಕಳಿಸಿ ಫೈನಲಿಗೆ ಹೋಗಿ ಅಲ್ಲಿ ಮೊದಲು ಲೀಡ್ ತಗೊಂಡದ್ದೂ ನಾವೇ. ಆಮೇಲೆ 72ನೇ ನಿಮಿಷಕ್ಕೆ ಮೋಹನ್ ಬಗಾನಿನ ಕಮಿಂಗ್ಸ್ ಪೆನಾಲ್ಟಿ, ಎಕ್ಸ್‌ಟ್ರಾ ಟೈಮಲ್ಲಿ ಮೆಕ್ಲಾರೆನ್, 2-1, ಮುಗೀತು. ಅದೇ ಮೋಹನ್ ಬಗಾನಿಗೆ ಸೆಪ್ಟೆಂಬರಲ್ಲಿ ನಮ್ಮ ಮನೆಯಲ್ಲಿ 3-0 ಹೊಡೆದವ್ರು ನಾವು, ಹಾಗಾದ್ರೆ ವ್ಯತ್ಯಾಸ ಎಲ್ಲಿ ಬಂತು? ಅವ್ರಿಗೆ ಕಾಲು ಸೋತಾಗ ಬೆಂಚಿಂದ ಇಳಿಸ್ಲಿಕ್ಕೆ ಜನ ಇದ್ರು, ನಮಗೆ ಇರ್ಲಿಲ್ಲ, ನಾನು ಕಂಡದ್ದು ಇಷ್ಟೇ.

ನನ್ನ ಪಟ್ಟಿಯಲ್ಲಿ ಮೊದಲ್ನೇದು ಫಾರಿನ್ ಸ್ಟ್ರೈಕರ್ ಅಲ್ಲ, ಇಂಡಿಯನ್ ಸ್ಟ್ರೈಕರ್. ಸುನಿಲ್ ಛೇತ್ರಿ ಈ ಸೀಸನಲ್ಲಿ 14 ಗೋಲು ಹೊಡೆದ್ರು, 2017-18ರಲ್ಲಿ ನಾವು ಐಎಸ್‌ಎಲ್‌ಗೆ ಬಂದ ವರ್ಷವೂ ಅವ್ರದ್ದು 14, ನಡುವೆ ಏಳು ವರ್ಷ ಹೋಗಿದೆ, ಆ ಜಾಗಕ್ಕೆ ಇನ್ನೊಬ್ಬ ಬರ್ಲಿಲ್ಲ. ಸೆಮಿಯ ಎರಡನೇ ಮ್ಯಾಚಲ್ಲಿ ಫತೋರ್ಡಾದಲ್ಲಿ ಗೋವಾ 2-0 ಮಾಡಿ ಎರಡೂ ಮ್ಯಾಚಿನ ಒಟ್ಟು ಲೆಕ್ಕ ಸಮ ಆದಾಗ 92ನೇ ನಿಮಿಷಕ್ಕೆ ತಲೆ ಕೊಟ್ಟು ನಮ್ಮನ್ನು ಫೈನಲಿಗೆ ದಾಟಿಸಿದ್ದು 40 ವರ್ಷದ ಮನುಷ್ಯ. ನನಗೆ ಆ ಗೋಲು ನೋಡಿ ಕಣ್ಣು ತುಂಬಿ ಬಂತು, ಅದೇ ಹೊತ್ತಿಗೆ ಹೆದರಿಕೆಯೂ ಆಯ್ತು, ಇವ್ರು ನಿಲ್ಲಿಸಿದ ಮೇಲೆ ಯಾರು ಅಂತ. ಅವ್ರು ಆಡ್ತಿರುವಾಗಲೇ ಒಬ್ಬ ಹುಡುಗ ಪಕ್ಕದಲ್ಲಿ ನಿಂತು ಕಲೀಬೇಕು, ಹೋದ ಮೇಲೆ ಹುಡುಕಿ ಪ್ರಯೋಜನ ಇಲ್ಲ.

ನಂಗೆ ಬೇಕಾದ್ದು ಚೆನ್ನೈಯಿನ್ ಟೀಮಿನ ಇರ್ಫಾನ್ ಯಾದ್ವಾಡ್. ಎತ್ತರ ಉಂಟು, ಡಿಫೆಂಡರ್‌ಗಳನ್ನು ಓಡಿಸಿ ಓಡಿಸಿ ಸುಸ್ತು ಮಾಡ್ತಾನೆ, ಇಂಡಿಯಾ ಟೀಮಿಗೂ ಕರೆ ಬಂದಿದೆ. ಎಲ್ಲಕ್ಕಿಂತ ಬೇಜಾರು ಎಂತ ಅಂದ್ರೆ ಅವ ಎಫ್‌ಸಿ ಬೆಂಗಳೂರು ಯುನೈಟೆಡ್‌ನಲ್ಲಿ ಆಡಿದವ, ನಮ್ಮ ಊರಲ್ಲೇ ಕಣ್ಣೆದುರು ಇದ್ದವನನ್ನು ಚೆನ್ನೈಯವ್ರು ಕರ್ಕೊಂಡು ಹೋದ್ರು.

ಎರಡನೇದು ಲೆಫ್ಟ್ ಬ್ಯಾಕ್. ರೋಷನ್ ನಂಗೆ ಇಷ್ಟ, ಕ್ರಾಸು ಫ್ರೀ ಕಿಕ್ಕು ಎಲ್ಲಾ ಚಂದ, ಆದ್ರೆ ಅವನದ್ದು ಬಲಗಾಲು, ಲೈನ್ ಹಿಡ್ಕೊಂಡು ಓಡಿ ಅಲ್ಲಿಂದಲೇ ಬಾಲ್ ಹಾಕುವ ಎಡಗಾಲಿನವ ಒಬ್ಬ ಬೇಕು. ಜಮ್ಶೆಡ್‌ಪುರದ ಉವೈಸ್ ಸಿಕ್ಕಿದ್ರೆ ಸಾಕು, ಮಲಪ್ಪುರದ ಹುಡುಗ, ಲಾಂಗ್ ಥ್ರೋ ಕೂಡ ಉಂಟು. ಆಮೇಲೆ ಮೋಹನ್ ಬಗಾನಿಂದ ಆಶಿಕ್ ಕುರುಣಿಯನ್ ವಾಪಸ್ ಬರ್ಬೇಕು, ಅಲ್ಲಿ ಅವನಿಗೆ ಆಡ್ಲಿಕ್ಕೆ ಸಿಗೂದೇ ಕಡಿಮೆ.

ಫಾರಿನ್ ಆಟಗಾರರ ಬಗ್ಗೆ ನಂಗೆ ತಲೆಬಿಸಿ ಉಂಟು. ನೊಗೇರಾ, ಯೊವಾನೊವಿಚ್, ಮೆಂಡೆಸ್ ಮೂವರೂ 35, ಡಿಯಾಸ್‌ಗೆ 34. ಒಬ್ಬೊಬ್ಬರನ್ನೇ ನೋಡಿದ್ರೆ ಒಳ್ಳೆ ಆಟಗಾರರೇ, ಆದ್ರೆ ಎಲ್ಲರಿಗೂ ಒಟ್ಟಿಗೆ ವಯಸ್ಸಾಗಿದೆಯಲ್ಲ, ಇವ್ರಲ್ಲಿ ಯಾರನ್ನು ಇಟ್ಕೊಳ್ಳೂದು ಯಾರನ್ನು ಬಿಡೂದು? ನಿಮ್ಮ ಅಭಿಪ್ರಾಯ ಹೇಳಿ.


ಮಂಜೇಶ್ವರದ_ಹಳದಿ:

ನಾನು ಬ್ಲಾಸ್ಟರ್ಸ್ ಅಂತ ಗೊತ್ತುಂಟಲ್ಲ, ಆದ್ರೂ ಹೇಳ್ತೇನೆ ಯಾಕಂದ್ರೆ ಈ ವಿಷಯದಲ್ಲಿ ನಾವು ಪೆಟ್ಟು ತಿಂದವ್ರು. ದಿಮಿತ್ರಿ ಡಿಯಮಂಟಕೋಸ್ 2023-24ರಲ್ಲಿ 13 ಗೋಲು ಹೊಡೆದು ಗೋಲ್ಡನ್ ಬೂಟ್ ತಗೊಂಡ, ಮರು ಸೀಸನಿಗೆ ಈಸ್ಟ್ ಬೆಂಗಾಲಿಗೆ ಹೋದ. ಅವನ ಬದಲಿಗೆ ಜಿಮೆನೆಸ್ ಬಂದ, ಅವನೂ ಗೋಲು ಹೊಡೆದ, ಸುಳ್ಳು ಹೇಳ್ಬಾರ್ದು, ಆದ್ರೆ ಟೀಮು ಎಂಟನೇ ಜಾಗಕ್ಕೆ ಹೋಯ್ತು, ಕೋಚ್ ಸ್ಟಾರೆಯನ್ನು ಡಿಸೆಂಬರಲ್ಲೇ ತೆಗೆದ್ರು. ಗೋಲು ಹೊಡೆಯುವವ ಒಬ್ಬ ಇದ್ದು ಹಿಂದೆ ಬಾಗಿಲು ಹಾಕ್ಲಿಕ್ಕೆ ಜನ ಇಲ್ಲದಿದ್ರೆ ಹಾಗೆಯೇ ಆಗೂದು.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಮೊದಲ ಜಾಗಕ್ಕೆ ಸೆಂಟರ್ ಬ್ಯಾಕ್ ಬರ್ಬೇಕು ಅಂತ ನನ್ನ ಲೆಕ್ಕ. ಭೇಕೆ ಉಂಟು, ಚಿಂಗ್ಲೆನ್ಸಾನಾ ಉಂಟು, ಸರಿ, ಆದ್ರೆ ಯೊವಾನೊವಿಚ್ ಜಾಗಕ್ಕೆ ಮೂವತ್ತರ ಒಳಗಿನ ಒಬ್ಬ ಬೇಕೇ ಬೇಕು.

ಆಶಿಕ್ ವಿಷಯ ಹೇಳಿದ್ರಲ್ಲ, ಅವನನ್ನು ನಾವು ಮರೀಲಿಕ್ಕಿಲ್ಲ. 2021ರ ನವೆಂಬರಲ್ಲಿ ನಮ್ಮ ಎದುರು ಗೋಲು ಹೊಡೆದು ಸ್ವಲ್ಪ ಹೊತ್ತಲ್ಲೇ ಸೆಲ್ಫ್ ಗೋಲು ಕೊಟ್ಟು 1-1 ಮಾಡಿದವ. ಆಟ ಒಳ್ಳೇದುಂಟು, ಸ್ಪೀಡ್ ಉಂಟು, ಆದ್ರೆ 2023ರಲ್ಲಿ ಇಂಡಿಯಾಕ್ಕೆ ಆಡುವಾಗ ಮೊಣಕಾಲು ಹೋಗಿ ಒಂದಿಡೀ ಸೀಸನ್ ಹೊರಗಿದ್ದ. ಮೆಡಿಕಲ್ ಸರಿಯಾಗಿ ನೋಡಿಯೇ ಸೈನ್ ಮಾಡ್ಬೇಕು.

ಮತ್ತೆ ಡಿಯಾಸ್. ನಮ್ಮಲ್ಲಿ 2021-22ರಲ್ಲಿ ಆಡಿದವ, ಅವನಷ್ಟು ಮನಸ್ಸಿಟ್ಟು ಜಗಳ ಆಡಿ ಬಾಲ್ ಕಿತ್ಕೊಳ್ಳುವ ಸ್ಟ್ರೈಕರ್ ಈ ಲೀಗಲ್ಲಿ ಕಡಿಮೆ, ಬಿಡ್ಬೇಡಿ ಅಂತ ನಾನು ಹೇಳ್ತೇನೆ, ಎದುರಾಳಿ ಟೀಮಿನವನಾದ್ರೂ.


ಪೆರ್ಲ_ಟು_ಕಂಠೀರವ:

ನಾನು ಕೆಲಸಕ್ಕೆ ಬೆಂಗಳೂರಲ್ಲಿ ಇರೂದು, ಊರಿಗೆ ಬಂದು ಹೋಗುವಾಗ ಕಣ್ಣೂರು ಎಕ್ಸ್‌ಪ್ರೆಸ್ಸು ಮ್ಯಾಚಿಗೆ ಹೊಂದಿಸಿಯೇ ಬುಕ್ ಮಾಡೂದು, ವೆಸ್ಟ್ ಬ್ಲಾಕಲ್ಲಿ ನಿಂತು ನೋಡಿದ್ದನ್ನು ಹೇಳ್ತೇನೆ.

ಟಿವಿಯಲ್ಲಿ ಬಾಲ್ ಇರುವ ಕಡೆ ಮಾತ್ರ ಕಾಣ್ತದೆ, ಸ್ಟೇಡಿಯಮಲ್ಲಿ ಕೂತ್ರೆ ಬಾಲ್ ಇಲ್ಲದಾಗ ಯಾರು ಎಂತ ಮಾಡ್ತಾರೆ ಅಂತ ಗೊತ್ತಾಗ್ತದೆ. ನೊಗೇರಾ ಪಾಸು ಕೊಟ್ಟ ಕೂಡ್ಲೇ ನಿಲ್ಲೂದಿಲ್ಲ, ಕೈ ತೋರಿಸಿ ಸುರೇಶನನ್ನು ಎಲ್ಲಿ ಹೋಗ್ಬೇಕು ಅಂತ ನಿಲ್ಲಿಸ್ತಾನೆ, ವಿನೀತ್ ವೆಂಕಟೇಶನಿಗೆ ಎರಡು ಮಾತು ಹೇಳ್ತಾನೆ, ಅರ್ಧ ಕೋಚ್ ಕೆಲಸ ಅವನೇ ಮಾಡೂದು. ಹಾಗಾಗಿ 35 ಆದ್ರೂ ನೊಗೇರಾ ಬೇಕು, ಎಲ್ಲಾ ಮ್ಯಾಚಲ್ಲಿ 90 ನಿಮಿಷ ಆಡಿಸೂದು ಬೇಡ ಅಷ್ಟೆ. ಪೆಡ್ರೊ ಕಾಪೊ ಬಗ್ಗೆ ಯಾರೂ ಹೇಳ್ಲಿಲ್ಲ ನೋಡಿ, ಹಿಂದೆ ನಿಂತು ಕೊಳೆ ಕೆಲಸ ಎಲ್ಲಾ ಮಾಡುವವ, ಅವನಿಲ್ಲದ ದಿನ ನಡುವಲ್ಲಿ ದೊಡ್ಡ ಓಣಿ ಬಿದ್ದ ಹಾಗೆ ಆಗ್ತದೆ.

ಫಾರಿನ್ ಲೆಕ್ಕ ಹೇಳೂದಾದ್ರೆ ಆರು ಜನ ರಿಜಿಸ್ಟರ್ ಮಾಡಬಹುದು, ಗ್ರೌಂಡಿಗೆ ಒಟ್ಟಿಗೆ ನಾಲ್ಕೇ. ಈ ನಾಲ್ಕರಲ್ಲಿ ಯಾವ ಜಾಗಕ್ಕೆ ಫಾರಿನ್ ಹಾಕೂದು ಅನ್ನೂದೇ ಟೀಮ್ ಕಟ್ಟುವವನ ಬುದ್ಧಿ. 2018-19ರಲ್ಲಿ ಕ್ವಾಡ್ರಾಟ್ ಕೋಚ್ ಇದ್ದಾಗ ನೆನಪು ಮಾಡಿ, ಹಿಂದೆ ಹುವಾನನ್, ನಡುವೆ ಪಾರ್ತಲು ಮತ್ತು ಡಿಮಾಸ್, ಎದುರು ಮಿಕು. ಒಂದು ಬೆನ್ನೆಲುಬು ಪೂರ್ತಿ ಫಾರಿನ್, ಸುತ್ತ ಗುರ್‌ಪ್ರೀತ್, ಭೇಕೆ, ಉದಾಂತ, ಛೇತ್ರಿ. ಫೈನಲಲ್ಲಿ 117ನೇ ನಿಮಿಷಕ್ಕೆ ಭೇಕೆ ತಲೆ ಕೊಟ್ಟು ಗೋಲು, ಕಪ್ಪು ನಮ್ಮದು. ಈಗ ನಮ್ಮ ಫಾರಿನ್ ಜನ ಹೆಚ್ಚು ಎದುರಲ್ಲೇ ತುಂಬಿದ್ದಾರೆ, ಮೆಂಡೆಸ್, ಡಿಯಾಸ್, ರಯಾನ್ ವಿಲಿಯಮ್ಸ್. ರಯಾನ್ ಇರ್ಲಿ, ಅವನಷ್ಟು ಓಡುವವ ಬೇರೆ ಇಲ್ಲ. ಮೆಂಡೆಸ್ ಕೊಚ್ಚಿಯಲ್ಲಿ ಎರಡು ಗೋಲು ಹೊಡೆದು 3-1 ಮಾಡಿದ್ದು ನಾನು ಸಾಯುವವರೆಗೆ ಮರೆಯೂದಿಲ್ಲ, ಆದ್ರೂ ಆ ಜಾಗ ಬಿಟ್ಟು ಅದ್ರಲ್ಲಿ ಸೆಂಟರ್ ಬ್ಯಾಕ್ ತರೂದು ಒಳ್ಳೇದು.

ಶಿವಶಕ್ತಿಯನ್ನು ಯಾಕೆ ಬಿಟ್ರಿ ಕುಂಬಳೆ ಅಣ್ಣ? 2022-23ರಲ್ಲಿ ರಾಯ್ ಕೃಷ್ಣನ ಪಕ್ಕದಲ್ಲಿ ಆಡಿ ಸತತ ಎಂಟು ಮ್ಯಾಚ್ ಗೆದ್ದ ಟೀಮಲ್ಲಿ ಅವನೇ ಸ್ಟ್ರೈಕರ್. ಹೊಸಬನನ್ನು ತರುವ ಮೊದಲು ಮನೆಯಲ್ಲಿರುವವನಿಗೆ ಹತ್ತು ಮ್ಯಾಚ್ ಸಾಲಾಗಿ ಕೊಟ್ಟು ನೋಡ್ಬೇಕು.


ಬದಿಯಡ್ಕ_ಹತ್ತು:

ಎಲ್ಲಾ ಸರಿ ಮಾರಾಯ್ರೆ, ದುಡ್ಡಿನ ವಿಷಯ ಯಾರೂ ಎತ್ಲಿಲ್ಲ. ದೇಶದ ಫುಟ್ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಹಕ್ಕಿನ ಕರಾರು ಉಂಟಲ್ಲ, 2010ರಲ್ಲಿ 15 ವರ್ಷಕ್ಕೆ 700 ಕೋಟಿಗೆ ಮಾಡಿದ್ದು, ಅದು 2025ರ ಡಿಸೆಂಬರಿಗೆ ಮುಗೀತದೆ. ಅದು ಮುಂದುವರಿಯುವವರೆಗೆ ಯಾವ ಕ್ಲಬ್ಬೂ ದೊಡ್ಡ ಕೈ ಬಿಚ್ಚೂದಿಲ್ಲ, ಬಿಎಫ್‌ಸಿ ಮಾಲೀಕರಾದ ಜೆಎಸ್‌ಡಬ್ಲ್ಯು ಆದ್ರೂ ಅಷ್ಟೆ. ಮೂರು ವರ್ಷದ ಕಾಂಟ್ರಾಕ್ಟ್ ಕೊಟ್ಟು ಇರ್ಫಾನನಂಥ ಹುಡುಗನನ್ನು ತರ್ಬೇಕಾದ್ರೆ ಮೂರು ವರ್ಷ ಲೀಗ್ ನಡೀತದೆ ಅನ್ನುವ ಧೈರ್ಯ ಬೇಡ್ವಾ?

ಇನ್ನೊಂದು, ಕಾಂಟ್ರಾಕ್ಟ್ ಮುಗೀಲಿಕ್ಕೆ ಆರು ತಿಂಗಳು ಇರುವಾಗಲೇ ಆಟಗಾರ ಬೇರೆ ಕ್ಲಬ್ ಹತ್ರ ಮಾತಾಡಿ ಸಹಿ ಹಾಕಬಹುದು, ಫಿಫಾ ನಿಯಮವೇ ಹಾಗುಂಟು. ಮೇ ತಿಂಗಳಲ್ಲಿ ಕೂತು ಉವೈಸ್ ಬೇಕು ಅಂತ ನಾವು ಹೇಳುವಾಗ ಯಾರಾದ್ರೂ ಜನವರಿಯಲ್ಲೇ ಮಾತು ಮುಗಿಸಿರ್ತಾರೆ. ಹಾಗಾಗಿ ನನ್ನ ಆಸೆ ಆಟಗಾರರಿಗಿಂತ ಸ್ಕೌಟಿಂಗ್ ಮೇಲೆ, ವರ್ಷ ಇಡೀ ಐಎಸ್‌ಎಲ್ ಕೆಳಗಿನ ಐ-ಲೀಗ್, ರಾಜ್ಯ ಟೀಮುಗಳ ಸಂತೋಷ್ ಟ್ರೋಫಿ, ಇಲ್ಲಿಯ ಏಳು ಜನರ ಸೆವೆನ್ಸ್ ನೋಡ್ಲಿಕ್ಕೆ ಜನ ಇಡ್ಲಿ.


ಉಪ್ಪಳ_ವಿಂಗ್:

ಬದಿಯಡ್ಕದವ್ರು ಹೇಳಿದ್ದಕ್ಕೆ ನೂರಕ್ಕೆ ನೂರು ನನ್ನ ಮತ. 2023ರ ಮಾರ್ಚಲ್ಲಿ ರಿಯಾದಲ್ಲಿ ಕರ್ನಾಟಕ ಮೇಘಾಲಯಕ್ಕೆ 3-2 ಹೊಡೆದು ಸಂತೋಷ್ ಟ್ರೋಫಿ ಗೆದ್ದದ್ದು, 54 ವರ್ಷ ಆದ ಮೇಲೆ! ರಾಬಿನ್ ಯಾದವ್ ಫ್ರೀ ಕಿಕ್ ನೋಡಿದವ್ರಿಗೆ ಗೊತ್ತು. ಅಷ್ಟು ವರ್ಷ ಕಾದು ಗೆದ್ದ ಟೀಮಿನ ಹುಡುಗರನ್ನು ಬೆಂಗಳೂರಿನ ದೊಡ್ಡ ಕ್ಲಬ್ಬೇ ಮೊದಲು ಹುಡುಕಿಕೊಂಡು ಹೋಗ್ಬೇಕಿತ್ತು.

ನಮ್ಮ ಜಿಲ್ಲೆಯೇ ನೋಡಿ. ತೃಕ್ಕರಿಪುರದ ಮಹಮ್ಮದ್ ರಾಫಿ 2016ರ ಐಎಸ್‌ಎಲ್ ಫೈನಲಲ್ಲಿ ಬ್ಲಾಸ್ಟರ್ಸಿಗೆ ಗೋಲು ಹೊಡೆದವ್ರು, ಅದೂ ತಲೆಯಿಂದ. ಮೊಗ್ರಾಲಲ್ಲಿ ಸಂಜೆ ಹೋದ್ರೆ ಇವತ್ತಿಗೂ ಬಾಲ್ ಇಲ್ಲದ ಮೈದಾನ ಸಿಗೂದಿಲ್ಲ. ಇಲ್ಲಿಯ ಹುಡುಗರು ಟ್ರಯಲ್ಸ್ ಅಂದ್ರೆ ಕೊಚ್ಚಿ ಕೋಝಿಕೋಡ್ ಕಡೆ ನೋಡ್ತಾರೆ, ಮಂಗಳೂರಲ್ಲಿ ಬಿಎಫ್‌ಸಿ ವರ್ಷಕ್ಕೊಂದು ಸಲ ಟ್ರಯಲ್ಸ್ ಇಟ್ರೆ ಟ್ರೇನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದು, ಅಪ್ಪ ಅಮ್ಮ ಕೂಡ ಕಳಿಸ್ತಾರೆ.


ಮಂಜೇಶ್ವರದ_ಹಳದಿ:

ಸಂತೋಷ್ ಟ್ರೋಫಿ ನೋಡಿ ನೇರ ಐಎಸ್‌ಎಲ್‌ಗೆ ಇಳಿಸ್ಬೇಡಿ ಅಂತ ಮಾತ್ರ ಹೇಳ್ತೇನೆ. 2022ರಲ್ಲಿ ಮಂಜೇರಿಯಲ್ಲಿ ಇದೇ ಕರ್ನಾಟಕದ ಎದುರು ಜೆಸಿನ್ ಬೆಂಚಿಂದ ಬಂದು ಐದು ಗೋಲು ಹೊಡೆದ, ಕೇರಳ 7-3, ಊರೆಲ್ಲ ಅವನದ್ದೇ ಮಾತು. ಆಮೇಲೆ ಈಸ್ಟ್ ಬೆಂಗಾಲ್ ಕರ್ಕೊಂಡು ಹೋಯ್ತು, ಅಲ್ಲಿ ಅವನಿಗೆ ಬೇಕಾದಷ್ಟು ಆಟ ಸಿಗ್ಲೇ ಇಲ್ಲ. ಹುಡುಗನದ್ದು ತಪ್ಪಲ್ಲ, ಅಷ್ಟು ಬೇಗ ಅಷ್ಟು ದೊಡ್ಡ ಟೀಮು. ನಡುವೆ ಒಂದು ಮೆಟ್ಟಿಲು ಬೇಕು, ಎರಡು ವರ್ಷ ಐ-ಲೀಗಿಗೆ ಲೋನಲ್ಲಿ ಕಳಿಸಿ.


ಕುಂಬಳೆ_ನೀಲಿ:

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಖುಷಿ ಆಯ್ತು. ಮಂಜೇಶ್ವರದವ್ರು ಮತ್ತು ಪೆರ್ಲದವ್ರು ಇಬ್ಬರೂ ಸೆಂಟರ್ ಬ್ಯಾಕ್ ಅಂತಾರೆ, ಮೆಂಡೆಸ್ ಜಾಗದಲ್ಲಿ ಅದು ಆಗ್ಲಿ, ನನ್ನ ಒಪ್ಪಿಗೆ ಉಂಟು. ಶಿವಶಕ್ತಿಯನ್ನು ನಾನು ಬಿಟ್ಟದ್ದಲ್ಲ, ಅವ ಛೇತ್ರಿ ಹಾಗೆ ಒಬ್ಬನೇ ಎದುರು ನಿಂತು ಆಡುವ ಆಟಗಾರ ಅಲ್ಲ, ಪಕ್ಕದಲ್ಲಿ ಒಬ್ಬ ಎತ್ತರದವ ಬಾಲ್ ತಡೆದು ಕೊಟ್ರೆ ಹಿಂದಿಂದ ನುಗ್ಗಿ ಹೊಡೆಯುವವ. ರಾಯ್ ಕೃಷ್ಣ ಇದ್ದಾಗ ಆದದ್ದು ಅದೇ. ಇರ್ಫಾನ್ ಬಂದ್ರೆ ಇಬ್ಬರೂ ಒಟ್ಟಿಗೆ ಆಡಬಹುದು, ಆಗ ಒಂದು ಫಾರಿನ್ ಜಾಗ ಎದುರಲ್ಲಿ ಉಳೀತದೆ, ಅದನ್ನು ಹಿಂದೆ ಹಾಕಬಹುದು. ನಾನು ಇಂಡಿಯನ್ ಸ್ಟ್ರೈಕರ್ ಮೊದಲು ಅಂತ ಹಟ ಹಿಡಿದದ್ದು ಇದಕ್ಕೇ.

ಇಡೀ ದೇಶದ್ದೇ ಕಥೆ ಅದು. ಎಲ್ಲಾ ಕ್ಲಬ್ಬೂ ಒಂಬತ್ತನೇ ನಂಬರಿಗೆ, ಅಂದ್ರೆ ಮುಖ್ಯ ಸ್ಟ್ರೈಕರ್ ಜಾಗಕ್ಕೆ, ಫಾರಿನ್ ಆಟಗಾರನನ್ನು ಹಾಕ್ತದೆ, ನಮ್ಮ ಹುಡುಗರು ವಿಂಗಲ್ಲಿ ಇಲ್ಲವೇ ಬೆಂಚಲ್ಲಿ, ಆಮೇಲೆ ಇಂಡಿಯಾ ಟೀಮಿಗೆ ಗೋಲು ಬೇಕಾದಾಗ ರಿಟೈರ್ ಆದ ಛೇತ್ರಿಯನ್ನೇ ಮಾರ್ಚಲ್ಲಿ ವಾಪಸ್ ಕರೀಬೇಕಾಯ್ತು. ಬೇರೆಯವ್ರು ಮಾಡದಿದ್ರೆ ಬಿಎಫ್‌ಸಿ ಮಾಡ್ಲಿ, ವಿನೀತ್ ವೆಂಕಟೇಶನನ್ನು ನಮ್ಮ ಅಕಾಡೆಮಿಯಿಂದ ತಂದು ಈಸ್ಟ್ ಬೆಂಗಾಲ್ ಎದುರು ಮೊದಲ ಮ್ಯಾಚಲ್ಲೇ ಇಳಿಸಿದ್ರು, ಅವ ಗೋಲು ಹೊಡೆದ, 1-0 ಗೆದ್ದೆವು. ಆ ಧೈರ್ಯ ಸ್ಟ್ರೈಕರ್ ವಿಷಯದಲ್ಲಿಯೂ ಬೇಕು.


ಪೆರ್ಲ_ಟು_ಕಂಠೀರವ:

ಹಾಗಾದ್ರೆ ಗೋಲ್‌ಕೀಪರ್ ವಿಷಯ ಕೂಡ ಸೇರಿಸಿ. ಗುರ್‌ಪ್ರೀತ್ 2017ರಿಂದ ನಮ್ಮಲ್ಲುಂಟು, ಈಗ 33, ಇನ್ನೂ ಮೂರ್ನಾಲ್ಕು ವರ್ಷ ಆಡ್ತಾರೆ, ಅದ್ರಲ್ಲಿ ಸಂಶಯ ಇಲ್ಲ. ಆದ್ರೆ ಸಾಹಿಲ್ ಪೂನಿಯಾಗೆ ಡ್ಯುರಾಂಡ್ ಕಪ್ ಪೂರ್ತಿ ಕೊಡ್ಬೇಕು, ಒಂದೆರಡು ಮ್ಯಾಚ್ ಅಲ್ಲ, ಪೂರ್ತಿ.


ಕುಂಬಳೆ_ನೀಲಿ:

ಡ್ಯುರಾಂಡಲ್ಲಿ ಸಾಹಿಲ್, ಲೀಗಲ್ಲಿ ಗುರ್‌ಪ್ರೀತ್, ಸೇರಿಸಿದೆ. ಲೆಫ್ಟ್ ಬ್ಯಾಕಿಗೆ ಉವೈಸ್ ಸಿಗದಿದ್ರೆ ಬೇರೆ ಯಾರು ಅಂತ ಇನ್ನೂ ಒಬ್ಬರೂ ಹೇಳ್ಲಿಲ್ಲ, ಗೊತ್ತಿದ್ದವ್ರು ಬರೀರಿ.