ಫಾರೆಸ್ಟ್ ಫೈರೂ ಕಾಡ್ಗಿಚ್ಚೇ, ವೈಲ್ಡ್‌ಫೈರೂ ಕಾಡ್ಗಿಚ್ಚೇನಾ?
ಎಲ್ಲರಿಗೂ ನಮಸ್ಕಾರ. ಒಂದು ಅನುವಾದದಲ್ಲಿ ಸಿಕ್ಕಾಕೊಂಡಿದೀನಿ, ಬಲ್ಲವರು ದಾರಿ ತೋರಿಸ್ಬೇಕು.

ಅಮೆರಿಕದ ಫಾರೆಸ್ಟ್ ಸರ್ವೀಸ್‌ನ ಸ್ಮೋಕಿ ಬೇರ್ ಗೊತ್ತಲ್ಲ, ಟೋಪಿ ಹಾಕಿ ಜೀನ್ಸ್ ತೊಟ್ಟ ಕರಡಿ, 1944ರಿಂದ ಪೋಸ್ಟರಲ್ಲಿ ನಿಂತ್ಕೊಂಡು ಜನಕ್ಕೆ ಬುದ್ಧಿ ಹೇಳ್ತಾ ಬಂದಿದೆ. 1947ರಿಂದ ಅದರ ಮಾತು 'ಓನ್ಲಿ ಯೂ ಕ್ಯಾನ್ ಪ್ರಿವೆಂಟ್ ಫಾರೆಸ್ಟ್ ಫೈರ್ಸ್' ಅಂತಿತ್ತು, 2001ರಲ್ಲಿ ಫಾರೆಸ್ಟ್ ಫೈರ್ಸ್ ತೆಗೆದು ವೈಲ್ಡ್‌ಫೈರ್ಸ್ ಅಂತ ಮಾಡಿದ್ರು. ಯಾಕಂದ್ರೆ ಬೆಂಕಿ ಬೀಳೋದು ಬರೀ ಮರ ಇರೋ ಕಡೆ ಅಲ್ಲ, ಹುಲ್ಲುಗಾವಲು ಕುರುಚಲು ಎಲ್ಲಾ ಕಡೆ, ಅದೂ ಅಲ್ದೆ ಒಣಗಿದ ತರಗು ಕಡಿಮೆ ಆಗ್ಲಿ ಅಂತ ಗಾಳಿ ಹವಾ ನೋಡ್ಕೊಂಡು ಅವರೇ ಬೇಕಂತ ಹಚ್ಚೋ ಬೆಂಕಿ ಇದೆಯಲ್ಲ, ಅದು ಬೇರೆ ಇದು ಬೇರೆ ಅಂತ ತೋರಿಸ್ಬೇಕಿತ್ತು.

ನನ್ನ ಕರಡಲ್ಲಿ ನೋಡಿದ್ರೆ ಎರಡೂ 'ಕಾಡ್ಗಿಚ್ಚು' ಆಗಿ ಕೂತಿವೆ! 'ಕಾಡ್ಗಿಚ್ಚು ಅನ್ನೋ ಬದಲು ಕಾಡ್ಗಿಚ್ಚು ಅಂತ ಮಾಡಿದರು', ಓದಿ ನಾನೇ ನಕ್ಕೆ. ಆಮೇಲೆ ಹೊಳೀತು, ಕಾಡುಹಂದಿ, ಕಾಡುಬೆಕ್ಕು ಅಂತೀವಲ್ಲ, ಅಲ್ಲಿ ಕಾಡು ಅಂದ್ರೆ ಜಾಗಕ್ಕಿಂತ 'ಪಳಗದ್ದು' ಅನ್ನೋದೇ ಜಾಸ್ತಿ, ಆ ಲೆಕ್ಕದಲ್ಲಿ ಕಾಡ್ಗಿಚ್ಚು ವೈಲ್ಡ್‌ಫೈರ್‌ಗೇ ಸರಿಯಾಗಿ ಕೂರತ್ತೆ, ಹಳೇದಕ್ಕೆ 'ಕಾಡಿನ ಬೆಂಕಿ' ಅಂತ ಬಿಡಿಸಿ ಬರೆದ್ರೆ ನಡೆಯತ್ತಾ? ದಾವಾನಲ ಬೇಡ, ದಾವ ಅಂದ್ರೂ ಕಾಡೇ, ಸುತ್ತಿ ಬಳಸಿ ಅಲ್ಲಿಗೇ ಬಂದ್ವಿ.

ಇನ್ನು ಆ ಬೇಕಂತ ಹಚ್ಚೋ ಬೆಂಕಿಗೆ ಏನನ್ನೋದು? 'ಬೆಂಕಿ ಬಿತ್ತು' ಅಂದ್ರೆ ಯಾರದ್ದೂ ತಪ್ಪಿಲ್ಲ, 'ಬೆಂಕಿ ಇಟ್ರು' ಅಂದ್ರೆ ನೇರ ಪೊಲೀಸ್ ಕೇಸು. 'ನಿಯಂತ್ರಿತ ದಹನ' ಅಂತ ಬರೆದಿದ್ದೆ, ನಂಗಂತೂ ಸ್ಮಶಾನ ನೆನಪಾಗತ್ತೆ, ಹೊಡೆದುಹಾಕ್ದೆ. 'ಹದಬೆಂಕಿ' ಅಂತ ಒಂದು ಕಟ್ಟಿದೀನಿ, ಅಡುಗೆ ಪುಸ್ತಕದ ವಾಸನೆ ಬರತ್ತೇನೋ ಅಂತ ಅನುಮಾನ.

ಕೊನೇದು, ಪ್ರಿವೆಂಟ್. 'ನೀವು ಮಾತ್ರ ಕಾಡ್ಗಿಚ್ಚನ್ನು ತಡೆಯಬಲ್ಲಿರಿ' ಅಂದ್ರೆ ಉರ್ಕೊಂಡು ಬರ್ತಿರೋ ಬೆಂಕಿಗೆ ಒಬ್ಬನೇ ಎದೆಕೊಟ್ಟು ನಿಲ್ಲು ಅಂದಂಗಿದೆ, ಪಾಪ ಕರಡಿ ಹೇಳ್ತಿರೋದು ಕ್ಯಾಂಪ್‌ಫೈರ್‌ಗೆ ನೀರು ಹೊಯ್ದು ಕೆದಕಿ ಆರಿಸಿ ಹೋಗಿ ಅಂತ ಅಷ್ಟೇ. 'ಕಾಡ್ಗಿಚ್ಚು ಹುಟ್ಟದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ' ಅನ್ನೋದು ಅರ್ಥಕ್ಕೆ ಸರಿ, ಆದ್ರೆ ಪೋಸ್ಟರ್ ಕೆಳಗೆ ಒಂದು ಸಾಲಲ್ಲಿ ಹಿಡಿಸ್ತಿಲ್ಲ. ಇದಕ್ಕಿಂತ ಗಿಡ್ಡದ್ದು ಯಾರಿಗಾದ್ರೂ ಹೊಳೀತಿದ್ಯಾ?